ದೊಡ್ಡಮ್ಮ ಅಂತ ಬರೆಯಲು ಕಾಲಂ ಇಲ್ಲ

(ಸಾಗರದ ಹತ್ತಿರದ ಒಂದು ಹಳ್ಳಿಯಲ್ಲಿ ಸ್ವಸಹಾಯ ಸಂಘದ ಹೆಂಗಸರು, ಅಂಗನವಾಡಿ ಕಾರ್ಯಕರ್ತೆಯರ ಮುಂದೆ ಆಡಿದ ಮಾತು ಇದು. ಮೊಬೈಲಿನಲ್ಲಿ ರೆಕಾರ್ಡ್ ಆಗಿದ್ದನ್ನು ಕೇಳಿಕೊಂಡು ಬರೆದಿದ್ದೇನೆ. ತಗಡಿನ ಮೇಲೆ ಮಳೆ ಹೊಯ್ದು ಏನೂ ಕೇಳಿಸದ ಕಡೆ ನೆನಪಿನಿಂದ ತುಂಬಿದ್ದೇನೆ.)

ಎಲ್ಲರಿಗೂ ನಮಸ್ಕಾರ. ನನ್ನನ್ನು ಕರೆದವರು "ಅನಾಥ ಮಕ್ಕಳ ಬಗ್ಗೆ ನಾಲ್ಕು ಮಾತು ಹೇಳಿ ಮೇಡಂ" ಅಂದರು. ಮೂವತ್ತೊಂದು ವರ್ಷ ಪಾಠ ಹೇಳಿದವಳು ನಾನು, ತಿದ್ದುವ ಚಟ ಹೋಗುವುದಿಲ್ಲ. ಮೊದಲು ಆ ಮಾತನ್ನೇ ತಿದ್ದುತ್ತೇನೆ. ನಾನು ಇವತ್ತು ಯಾವ ಮಕ್ಕಳ ಬಗ್ಗೆ ಮಾತಾಡುತ್ತೇನೋ ಅವರಲ್ಲಿ ಬಹಳ ಜನ ಅನಾಥರಲ್ಲ. ಅಮ್ಮ ಇದ್ದಾಳೆ, ಆದರೆ ಆಸ್ಪತ್ರೆಯಲ್ಲಿದ್ದಾಳೆ. ಅಪ್ಪ ಇದ್ದಾನೆ, ಜೈಲಿನಲ್ಲಿದ್ದಾನೆ. ಇಲ್ಲವೇ ಇಬ್ಬರೂ ಇದ್ದಾರೆ, ಮನೆಯಲ್ಲಿ ಮಗು ಇರುವ ಹಾಗಿಲ್ಲ. ಇಂಥ ಮಕ್ಕಳಿಗೆ ಸ್ವಲ್ಪ ಕಾಲ ಇನ್ನೊಂದು ಮನೆ ಬೇಕು. ಅದಕ್ಕೆ ಸರ್ಕಾರದವರು ಪೋಷಕತ್ವ ಅನ್ನುತ್ತಾರೆ. ಕಚೇರಿಯಲ್ಲಿ ಮಾತಾಡುವಾಗ ಫಾಸ್ಟರ್ ಕೇರ್ ಅನ್ನುತ್ತಾರೆ.

ಈ ಪೋಷಕತ್ವ ಅನ್ನೋ ಪದವೇ ಮೊದಲ ತೊಡಕು. ಶಾಲೆಯಲ್ಲಿ ಪೋಷಕರ ಸಭೆ ಅಂದರೆ ಯಾರು ಬರಬೇಕು? ಅಪ್ಪ ಅಮ್ಮ. ಹಾಗಾಗಿ "ನಾನು ಪೋಷಕ ತಾಯಿ" ಅಂದರೆ ಜನ "ಹೌದು, ಮತ್ತೆ? ತಾಯಿ ಅಲ್ವಾ ನೀವು?" ಅನ್ನುತ್ತಾರೆ. ದತ್ತು ಅಂದರೆ ಎಲ್ಲರಿಗೂ ಗೊತ್ತು. ಬಾಲಮಂದಿರ ಅಂದರೂ ಗೊತ್ತು. ಇವೆರಡರ ನಡುವಿನ ದಾರಿಗೆ ಜನರ ಬಾಯಲ್ಲಿ ಹೆಸರೇ ಇಲ್ಲ.

ಕಥೆಯಲ್ಲಿ ಮಾತ್ರ ಇದೆ ನೋಡಿ. ಕೃಷ್ಣನ ಹೆತ್ತವರು ಸೆರೆಮನೆಯಲ್ಲಿದ್ದರು. ಮಗುವಿಗೆ ಅಲ್ಲಿ ಅಪಾಯ ಅಂತ ರಾತ್ರೋರಾತ್ರಿ ಹೊಳೆ ದಾಟಿಸಿ ಇನ್ನೊಂದು ಮನೆಯಲ್ಲಿ ಇಟ್ಟರು. ಬೆಳೆದ ಮೇಲೆ ಅವನು ಮಥುರೆಗೆ ಹೋದ, ಹೆತ್ತವರನ್ನು ಬಿಡಿಸಿದ. ಲೆಕ್ಕ ಹಾಕಿದರೆ ಯಶೋದೆ ದತ್ತು ತಾಯಿ ಅಲ್ಲ, ಪೋಷಕ ತಾಯಿ. ಬೆಣ್ಣೆ ಕದ್ದಿದ್ದು, ಒರಳಿಗೆ ಕಟ್ಟಿದ್ದು ನಮಗೆಲ್ಲ ಬಾಯಿಪಾಠ. ಅಕ್ರೂರನ ರಥ ಬಂದ ದಿನ ಅವಳು ಒಲೆ ಹಚ್ಚಿದಳೋ ಇಲ್ಲವೋ ಅಂತ ಕೇಳಿದವರು ಕಡಿಮೆ. ಈ ಮಾತಿಗೆ ಆಮೇಲೆ ಬರುತ್ತೇನೆ.

ಕಾನೂನು ಏನು ಹೇಳುತ್ತದೆ ಅಂತ ಚುಟುಕಾಗಿ ಹೇಳಿಬಿಡುತ್ತೇನೆ. 2015ರ ಬಾಲನ್ಯಾಯ ಕಾಯ್ದೆಯ 44ನೇ ಕಲಂ ಇದರದ್ದು. ಮಗುವನ್ನು ಯಾರ ಮನೆಗೆ ಕೊಡಬೇಕು ಅಂತ ತೀರ್ಮಾನಿಸುವುದು ಮಕ್ಕಳ ಕಲ್ಯಾಣ ಸಮಿತಿ. ಅಧ್ಯಕ್ಷರು ಒಬ್ಬರು, ಸದಸ್ಯರು ನಾಲ್ವರು. ಮಗುವಿನ ಮೇಲೆ ನಮಗೆ ದತ್ತು ತಗೊಂಡವರ ಹಾಗೆ ಹಕ್ಕಿಲ್ಲ. ಊಟ, ಓದು, ಆರೋಗ್ಯದ ಹೊಣೆ ಮಾತ್ರ ನಮ್ಮದು. ಹೆತ್ತವರಿಗೆ ಮಗುವನ್ನು ಬಂದು ನೋಡುವ ಅವಕಾಶ ಇರುತ್ತದೆ, ಸಮಿತಿ ಬೇಡ ಅಂದರೆ ಮಾತ್ರ ಇಲ್ಲ. ಅವರು ಸರಿಹೋದರು ಅಂತ ಸಮಿತಿಗೆ ಅನ್ನಿಸಿದರೆ ಮಗು ವಾಪಸ್ ಹೋಗಬಹುದು. ಖರ್ಚಿಗೆ ಅಂತ ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ತಿಂಗಳಿಗೆ 4,000 ರೂಪಾಯಿ ಇದೆ. ಮಗುವನ್ನು ಸಂಸ್ಥೆಯಲ್ಲಿ ಇಡುವುದು ಬೇರೆ ದಾರಿಯೇ ಇಲ್ಲದಾಗ ಮಾತ್ರ ಅಂತಲೂ ಅದೇ ಕಾಯ್ದೆಯಲ್ಲಿದೆ. ಕಾಗದದ ಮೇಲೆ ಒಳ್ಳೆಯ ಕಾನೂನು. ಸುಮ್ನೆ ಹೊಗಳುತ್ತಿಲ್ಲ, ಓದಿದ್ದೇನೆ.

ನಮ್ಮ ಮಲೆನಾಡಿಗೆ ಇದೇನು ಹೊಸದಲ್ಲ. ಇಲ್ಲಿ ಕೂತಿರುವವರಲ್ಲಿ ದೊಡ್ಡಮ್ಮನ ಮನೆಯಲ್ಲೋ ಸೋದರಮಾವನ ಮನೆಯಲ್ಲೋ ಇದ್ದು ಓದಿದವರು ಎಷ್ಟು ಜನ? ಕೈ ಎತ್ತಿ ನೋಡೋಣ. (ಅರ್ಧಕ್ಕಿಂತ ಜಾಸ್ತಿ ಕೈ ಎದ್ದವು.) ನೋಡಿ. ಊರಿಗೆ ರಸ್ತೆ ಇಲ್ಲ, ಮಳೆಗಾಲದಲ್ಲಿ ಹಳ್ಳ ದಾಟುವ ಹಾಗಿಲ್ಲ, ಹೈಸ್ಕೂಲು ಹನ್ನೆರಡು ಮೈಲಿ. ಪೇಟೆಯಲ್ಲಿ ಯಾರಾದರೂ ನೆಂಟರಿದ್ದರೆ ಅಲ್ಲಿ ಬಿಡುತ್ತಿದ್ದರು. ನೆಂಟರೂ ಇಲ್ಲದ ಹುಡುಗರು ವಾರಾನ್ನ ಮಾಡಿದರು. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ. ಅದು ಎಲ್ಲ ಜಾತಿಯ ಹುಡುಗರಿಗೂ ಸಿಗುತ್ತಿರಲಿಲ್ಲ ಅನ್ನೋದನ್ನೂ ಇಲ್ಲೇ ಹೇಳಬೇಕು.

ಇನ್ನೊಂದನ್ನೂ ಹೇಳಬೇಕು, ಕೇಳೋಕೆ ಚೆನ್ನಾಗಿರುವುದಿಲ್ಲ. "ನಮ್ಮನೇಲಿ ಒಂದು ಹುಡುಗಿ ಇದ್ದಾಳೆ, ಮನೆ ಮಗಳ ಹಾಗೇ ನೋಡ್ಕೊಂಡಿದೀವಿ" ಅನ್ನುವ ಮಾತನ್ನು ನಾವೆಲ್ಲ ಕೇಳಿದ್ದೇವೆ. ಆ ಮನೆಮಗಳು ಬೆಳಿಗ್ಗೆ ಕೊಟ್ಟಿಗೆ ಸಗಣಿ ಬಾಚುತ್ತಾಳೆ. ಕೊಯ್ಲು ಶುರುವಾದರೆ ರಾತ್ರಿ ಹನ್ನೊಂದರ ತನಕ ಅಡಿಕೆ ಸುಲಿಯುತ್ತಾಳೆ. ಮನೆಯ ಸ್ವಂತ ಮಗಳು ಒಳಗೆ ಓದುತ್ತಿರುತ್ತಾಳೆ. ಇದನ್ನು ಸಾಕುವುದು ಅಂತ ಕರೆದುಕೊಂಡು ಬಂದಿದ್ದೇವೆ. ಅದಕ್ಕೇ ಕಾನೂನಿನಲ್ಲಿ ಮನೆ ತಪಾಸಣೆ, ಪೊಲೀಸ್ ಪರಿಶೀಲನೆ, ತಿಂಗಳಿಗೊಮ್ಮೆ ಭೇಟಿ ಅಂತೆಲ್ಲ ಇಟ್ಟಿರುವುದು. ಅಧಿಕಾರಿಗಳು ಬಂದು ನಮ್ಮ ಬಚ್ಚಲುಮನೆಯ ಚಿಲಕ ಎಳೆದು ನೋಡಿದಾಗ ನನ್ನ ಯಜಮಾನರಿಗೆ ಸಿಟ್ಟು ಬಂದಿತ್ತು. ನನಗೆ ಬರಲಿಲ್ಲ. ನೋಡಲಿ, ಎಲ್ಲರ ಮನೆಯ ಚಿಲಕವನ್ನೂ ನೋಡಲಿ.

ಈಗ ನಮ್ಮ ಮನೆಯ ಕಥೆ. 2022ರ ಜೂನ್ ತಿಂಗಳು, ಮಳೆ ಹಿಡಿದಿತ್ತು. ಹತ್ತು ವರ್ಷದ ಹುಡುಗಿ ನಮ್ಮಲ್ಲಿಗೆ ಬಂದಳು. ಹೆಸರು ಹೇಳುವುದಿಲ್ಲ, ಊರೂ ಹೇಳುವುದಿಲ್ಲ. ಇಂಥ ಮಕ್ಕಳ ಗುರುತು ಬಯಲು ಮಾಡಬಾರದು ಅಂತ ಅದೇ ಕಾಯ್ದೆಯ 74ನೇ ಕಲಂ ಹೇಳುತ್ತದೆ. ಕೆಲವು ವಿವರ ಬೇಕಂತಲೇ ಬದಲಾಯಿಸಿದ್ದೇನೆ. ಅಪ್ಪ ಕೊನೆಗಾರ, ಅಡಿಕೆ ಮರ ಹತ್ತಿ ಕೊನೆ ಇಳಿಸುವವನು. ಒಂದು ಕೊಯ್ಲಿನಲ್ಲಿ ಮರದಿಂದ ಬಿದ್ದು ತೀರಿಕೊಂಡ. ಅಮ್ಮನಿಗೆ ಮನಸ್ಸಿನ ಕಾಯಿಲೆ ಮೊದಲೇ ಇತ್ತು, ಆಮೇಲೆ ಜಾಸ್ತಿ ಆಯಿತು. ಮಗಳು ಬಾಲಕಿಯರ ಬಾಲಮಂದಿರ ಸೇರಿದಳು. ಏಳು ವರ್ಷದ ತಮ್ಮ ಹುಡುಗರದ್ದಕ್ಕೆ.

ತಮ್ಮನ ವಿಷಯ ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಹೇಳುವ ಧೈರ್ಯ ಇರುವುದಿಲ್ಲ. ಅಣ್ಣ ತಮ್ಮ ಅಕ್ಕ ತಂಗಿಯರನ್ನು ಸಾಧ್ಯವಾದಷ್ಟೂ ಒಂದೇ ಮನೆಯಲ್ಲಿ ಇಡಬೇಕು ಅಂತ ಕಾನೂನಿದೆ. ನಮ್ಮನ್ನು ಕೇಳಿದರು. "ಇಬ್ಬರೂ ಆಗುತ್ತಾರಾ?" ಅಂತ. ನಮಗೆ ವಯಸ್ಸಾಯಿತು, ಗಂಡು ಹುಡುಗನ ಹಿಂದೆ ಓಡೋಕಾಗಲ್ಲ, ಒಬ್ಬಳು ಸಾಕು ಅಂದೆವು. ಅಂದವಳು ನಾನೇ. ಅವನು ಅಲ್ಲೇ ಉಳಿದ. ವ್ಯವಸ್ಥೆ ಸರಿ ಇಲ್ಲ ಅಂತ ಇನ್ನು ಮುಂದೆ ಏನೇನು ಬೈಯುತ್ತೇನೋ, ಆ ಪಟ್ಟಿಯಲ್ಲಿ ನನ್ನ ಹೆಸರನ್ನೂ ಸೇರಿಸಿಕೊಳ್ಳಿ.

ಅವಳು ಬಂದ ಮೊದಲ ವಾರ ಸ್ನಾನಕ್ಕೆ ಹೋದರೆ ಎರಡೇ ನಿಮಿಷಕ್ಕೆ ಹೊರಗೆ ಬರುತ್ತಿದ್ದಳು. ನಮ್ಮಲ್ಲಿ ಹಂಡೆ ತುಂಬ ಬಿಸಿನೀರು, ಬೆಂಕಿ ಉರೀತಾ ಇರುತ್ತದೆ. "ಇನ್ನೂ ಎರಡು ಚೊಂಬು ಹುಯ್ಕೋ" ಅಂದರೆ "ಹಿಂದಿನವರಿಗೆ ಲೇಟಾಗುತ್ತೆ ಟೀಚರ್" ಅಂದಳು. ಹಿಂದೆ ಯಾರೂ ಇರಲಿಲ್ಲ. ನೀರು ಕುಡಿಯೋಕೂ ಕೇಳುತ್ತಿದ್ದಳು. ಒಂದು ದಿನ ಶಾಲೆಯ ಜಾಮಿಟ್ರಿ ಬಾಕ್ಸಿಗೆ ಇರುವೆ ಮುತ್ತಿತ್ತು. ತೆಗೆದು ನೋಡಿದರೆ ಒಳಗೆ ಮಡಚಿಟ್ಟ ಅಕ್ಕಿರೊಟ್ಟಿಯ ಚೂರು. ಇಂಥದ್ದನ್ನೆಲ್ಲ ತಿಳಿದವರು ಯಾರಾದರೂ ಮೊದಲೇ ನಮಗೆ ಹೇಳಿಕೊಡಬೇಕಿತ್ತು. ನಮಗೆ ಸಿಕ್ಕ ತರಬೇತಿ ಅಂದರೆ ಒಂದು ಮಧ್ಯಾಹ್ನದ ಮಾತು, ಒಂದು ಕಪ್ ಕಾಫಿ, ಹದಿನಾಲ್ಕು ಕಡೆ ಸಹಿ.

ಮೂರನೇ ತಿಂಗಳು ಅವಳು ಅಪ್ಪೆಮಿಡಿಯ ಭರಣಿಗೆ ನೀರು ಹುಯ್ದಳು. ಇಲ್ಲಿ ಇರುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೊಳೆದಂಡೆಯ ಮರದ ಮಿಡಿ, ವರ್ಷದ ಉಪ್ಪಿನಕಾಯಿ, ನಾನು ಒದ್ದೆ ಕೈಯಲ್ಲಿ ಅದರ ಹತ್ತಿರವೂ ಹೋಗುವವಳಲ್ಲ. ನೋಡ್ತಾ ನೋಡ್ತಾ ಒಂದು ಚೊಂಬು ನೀರು ಸುರಿದಳು. ಆಮೇಲೆ ನನ್ನ ಮುಖ ನೋಡಿ ಕೇಳಿದಳು: "ಈಗ ಕಳಿಸ್ತೀರಾ?"

ಅವಳಿಗೆ ಅಷ್ಟು ಗೊತ್ತಾಗಬೇಕಿತ್ತು. ಒಂದಲ್ಲ ಒಂದು ದಿನ ಕಳಿಸುತ್ತಾರೆ, ಆ ದಿನ ಯಾವುದು ಅಂತ ಕಾಯುವುದಕ್ಕಿಂತ ಇವತ್ತೇ ಆಗಿಬಿಡಲಿ. ಇದು ನನಗೆ ಆಗ ಹೊಳೆಯಲಿಲ್ಲ. ಆಗ ಬಂದಿದ್ದು ಸಿಟ್ಟು ಮಾತ್ರ. ನನ್ನ ಯಜಮಾನರು, ಚಿಲಕಕ್ಕೆ ರೇಗಿದ ಮನುಷ್ಯ, ಭರಣಿ ಎತ್ತಿಕೊಂಡು ಹೋಗಿ ಬಾಳೆಬುಡಕ್ಕೆ ಸುರಿದು ಬಂದು, "ಈ ವರ್ಷ ನಂಗೆ ಬಿಪಿ, ಹೇಗೂ ತಿನ್ನೋ ಹಾಗಿರಲಿಲ್ಲ" ಅಂದರು. ಅಲ್ಲಿಗೆ ಮುಗಿಯಿತು. ಮುಗಿಯಿತು ಅಂದರೆ, ಅದಾದ ಮೇಲೆ ಅವಳು ನೀರು ಕುಡಿಯೋಕೆ ಕೇಳುವುದನ್ನು ಬಿಟ್ಟಳು.

ಆ ವರ್ಷವೇ ಅವಳಿಗೆ ಜೋರು ಜ್ವರ ಬಂತು. ಜ್ವರ ಅಂದರೆ ನಮ್ಮ ಕಡೆ ಮೊದಲು ಮಂಗನ ಕಾಯಿಲೆಯ ಹೆದರಿಕೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಶುರುವಾಗಿದ್ದು ಇನ್ನೂ ನಮ್ಮನ್ನು ಬಿಟ್ಟಿಲ್ಲ. ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಸೇರಿಸಿಕೊಳ್ಳುವಾಗ ನರ್ಸ್ ಕೇಳಿದರು, "ನೀವು ಏನಾಗಬೇಕು?" ನಾನು ಆದೇಶದ ಜೆರಾಕ್ಸ್ ತೆಗೆಯುವುದರೊಳಗೆ ಹುಡುಗಿ ಹೇಳಿದಳು, "ದೊಡ್ಡಮ್ಮ." ಅಲ್ಲಿಯವರೆಗೆ ನಾನು ಟೀಚರ್. ಅವಳಿಗೆ ಅಮ್ಮ ಇದ್ದಾಳೆ, ಆ ಜಾಗಕ್ಕೆ ನನ್ನನ್ನು ಕೂರಿಸಲಿಲ್ಲ. ಪಕ್ಕದಲ್ಲಿ ಒಂದು ಜಾಗ ಹುಡುಕಿ ಕೂರಿಸಿದಳು. ಕಾನೂನು ಮಾಡಿದವರಿಗೆ ಸಿಗದ ಪದ ಅದು.

ಆದರೆ ದೊಡ್ಡಮ್ಮ ಅಂತ ಬರೆಯಲು ಕಾಲಂ ಇಲ್ಲ. ಆಸ್ಪತ್ರೆಯಲ್ಲಿ ತಂದೆ ತಾಯಿಯ ಸಹಿ ಕೇಳಿದರು. ಜ್ವರ ಸಾದಾ ಜ್ವರ ಆಯಿತು, ಬದುಕಿಕೊಂಡೆವು. ಆಪರೇಷನ್ ಅಂತ ಆಗಿದ್ದರೆ? ಶಾಲೆಯಲ್ಲಿ ವಿದ್ಯಾರ್ಥಿವೇತನಕ್ಕೆ ಜಾತಿ ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರ್ ಬೇಕು. ಅದಕ್ಕೆ ನಾಡಕಚೇರಿಯಲ್ಲಿ ಅಪ್ಪನ ದಾಖಲೆ ಬೇಕು. ಅಪ್ಪ ತೀರಿಹೋಗಿದ್ದಾನೆ, ಅಮ್ಮ ಆಸ್ಪತ್ರೆಯಲ್ಲಿ, ಮನೆಯ ರೇಷನ್ ಕಾರ್ಡ್ ಯಾರ ಹತ್ತಿರ ಇದೆಯೋ ದೇವರಿಗೇ ಗೊತ್ತು. ಬಡವರ ಮಗು ಅಂತ ತೋರಿಸೋಕೆ ಬೇಕಾದ ಕಾಗದ ಒಂದೂ ಆ ಮಗುವಿನ ಹತ್ತಿರ ಇರುವುದಿಲ್ಲ. ಒಬ್ಬ ಗುಮಾಸ್ತರು "ನಿಮ್ಮ ಮಗಳು ಅಂತಲೇ ಹಾಕಿಬಿಡಿ ಮೇಡಂ, ಸಲೀಸಾಗುತ್ತೆ" ಅಂತ ಸಲಹೆ ಕೊಟ್ಟರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಹಾಗೆ ಹಾಕಿದ್ದರೆ ನಾಳೆ ಅವಳ ಅಮ್ಮ ಬಂದು ಯಾರನ್ನು ಕೇಳಬೇಕು?

ದುಡ್ಡಿನ ಮಾತು ಬೇಗ ಮುಗಿಸುತ್ತೇನೆ. ಮೊದಲ ಕಂತು ಬರಲು ಎಂಟು ತಿಂಗಳಾಯಿತು. ನನಗೆ ಪಿಂಚಣಿ ಬರುತ್ತದೆ, ನಡೆಯಿತು. ಕೂಲಿ ಮಾಡುವ ಮನೆಯವರು ಈ ಕೆಲಸಕ್ಕೆ ಮುಂದೆ ಬರಲಿ ಅಂತ ಬಯಸುವುದಾದರೆ ಎಂಟು ತಿಂಗಳು ಕಾಯಿಸಬಾರದು. "ದುಡ್ಡಿಗಾಗಿ ಮಗು ಇಟ್ಕೊಂಡಿದ್ದಾರೆ" ಅಂತ ಊರಲ್ಲಿ ಮಾತಾಡುವವರಿಗೆ ನಾನು ಹೇಳುವುದು, 4,000 ರೂಪಾಯಿಗೆ ಹತ್ತು ವರ್ಷದ ಹುಡುಗಿಯನ್ನು ಒಂದು ತಿಂಗಳು ಸಾಕಿ ತೋರಿಸಿ.

ಭೇಟಿಯ ವಿಷಯಕ್ಕೆ ಬರೋಣ. ಪೋಷಕ ಮನೆಗಳನ್ನು ಸಮಿತಿ ಪ್ರತಿ ತಿಂಗಳು ಪರಿಶೀಲಿಸಬೇಕು ಅಂತ ಕಾಯ್ದೆ. ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ಸಂಸ್ಥೆಯ ಹೊರಗಿರುವ ಮಕ್ಕಳಿಗೆ ಅಂತ ಇರುವ ರಕ್ಷಣಾಧಿಕಾರಿ ಜಿಲ್ಲೆಗೆ ಒಬ್ಬರು. ಪ್ರಾಯೋಜಕತ್ವ, ಅಂದರೆ ಮಗು ತನ್ನವರ ಹತ್ತಿರವೇ ಇರಲಿ ಅಂತ ಕೊಡುವ ದುಡ್ಡು, ಅದರ ಅರ್ಜಿಗಳು ಅವರ ಮೇಜಿನ ಮೇಲೆ, ದತ್ತು ಅವರದ್ದೇ, ಇದೂ ಅವರದ್ದೇ. ಬಹಳ ಕಡೆ ಗುತ್ತಿಗೆ ನೌಕರಿ. ಶಿವಮೊಗ್ಗ ಜಿಲ್ಲೆಯನ್ನೇ ನೆನೆಸಿಕೊಳ್ಳಿ, ಏಳು ತಾಲ್ಲೂಕು. ಆಗುಂಬೆಯ ಮಳೆಯಿಂದ ಶಿಕಾರಿಪುರದ ಬಿಸಿಲಿನವರೆಗೆ ಒಬ್ಬ ಮನುಷ್ಯ ಎಷ್ಟು ತಿರುಗಬಹುದು? 2020ರಲ್ಲಿ ಸಹಕಾರ ಸಾರಿಗೆ ನಿಂತ ಮೇಲೆ ಕೊಪ್ಪ, ತೀರ್ಥಹಳ್ಳಿ ಕಡೆ ಒಳಊರುಗಳ ಬಸ್ಸಿನ ಪಾಡು ನಿಮಗೇ ಗೊತ್ತು. ನಮ್ಮ ಮನೆಗೆ ಬರುತ್ತಿದ್ದವರು ಆರು ತಿಂಗಳಲ್ಲಿ ಮೂರು ಸಲ ಬಂದರು. ಕಾಲಿಗೆ ಇಂಬಳ ಹತ್ತಿಸಿಕೊಂಡು ಬಂದರು. ಬೈಯಲು ಮನಸ್ಸು ಬರಲಿಲ್ಲ. ಆಮೇಲೆ ಅವರಿಗೆ ಬೇರೆ ಕೆಲಸ ಸಿಕ್ಕಿತು, ಹೊಸಬರು ಬಂದರು, ಹುಡುಗಿ ತನ್ನ ಕಥೆಯನ್ನು ಇನ್ನೊಮ್ಮೆ ಮೊದಲಿಂದ ಹೇಳಿದಳು.

ಮನೆಗಳೇ ಸಿಗುವುದಿಲ್ಲ ಅನ್ನುವುದೂ ನಿಜ. ಮಕ್ಕಳಿಲ್ಲದ ದಂಪತಿ ಬರುತ್ತಾರೆ, ಕೈಗೂಸು ಬೇಕು ಅನ್ನುತ್ತಾರೆ. ಬೆಳ್ಳಗಿದ್ದರೆ ಒಳ್ಳೆಯದು ಅಂತಲೂ ಕೆಲವರು ಹೇಳುತ್ತಾರೆ, ಮುಚ್ಚಿಡುವುದು ಯಾಕೆ. ಇಲ್ಲಿ ಕಾಯುತ್ತಿರುವ ಮಕ್ಕಳು ಆರು ವರ್ಷ ದಾಟಿದವರು. 2024ರಲ್ಲಿ ಕೇಂದ್ರ ಸರ್ಕಾರ ಮಾರ್ಗಸೂಚಿ ಬದಲಾಯಿಸಿತು. 35ರಿಂದ 60 ವರ್ಷದೊಳಗಿನ ಒಂಟಿ ಹೆಂಗಸರು, ಗಂಡಸರೂ ಈಗ ಅರ್ಜಿ ಹಾಕಬಹುದು. ಗಂಡಸರಾದರೆ ಗಂಡು ಮಗುವಿಗೆ ಮಾತ್ರ. ಗಂಡ ತೀರಿಕೊಂಡವರು, ಬಿಟ್ಟವರು, ಮದುವೆ ಆಗದವರು, ಯಾರಾದರೂ ಸರಿ. ಈ ಸಾಲಿನಲ್ಲೇ ಅಂಥವರು ಇದ್ದೀರಿ. ಅದೇ ಮಾರ್ಗಸೂಚಿಯಲ್ಲಿ ಇನ್ನೊಂದಿದೆ. ದತ್ತಿಗೆ ಅರ್ಹವಾದ ಮಗು ಆದರೆ, ಎರಡು ವರ್ಷ ಪೋಷಿಸಿದ ಮೇಲೆ ಅದೇ ಮನೆಯವರು ದತ್ತು ಕೇಳಬಹುದು. ಮೊದಲು ಐದು ವರ್ಷ ಇತ್ತು. ಇದು ಒಳ್ಳೆಯದು ಅಂತ ಎಲ್ಲರೂ ಹೇಳಿದರು. ನನಗೆ ಸ್ವಲ್ಪ ಅನುಮಾನ. ಪೋಷಕತ್ವವನ್ನು ದತ್ತಿನ ಹಿಂಬಾಗಿಲು ಅಂದುಕೊಂಡು ಬಂದವರು ಮಗುವಿನ ಅಮ್ಮ ಹುಷಾರಾಗಲಿ ಅಂತ ಮನಸ್ಸಾರೆ ಹಾರೈಸುತ್ತಾರಾ?

ನಾನು ಹಾರೈಸಿದೆನಾ? ಅದನ್ನು ಹೇಳುತ್ತೇನೆ.

ಎರಡೂವರೆ ವರ್ಷದಲ್ಲಿ ಅವಳ ಅಮ್ಮ ನಮ್ಮ ಮನೆಗೆ ಬಂದಿದ್ದು ಎರಡೇ ಸಲ. ಬರಬಾರದು ಅಂತ ಯಾರೂ ಹೇಳಿರಲಿಲ್ಲ. ಕರೆದುಕೊಂಡು ಬರುವವರು ಇರಲಿಲ್ಲ, ಬಸ್ಸಿನ ದುಡ್ಡು ಇರಲಿಲ್ಲ, ಅದನ್ನು ಕೊಡಲು ಯಾವ ಲೆಕ್ಕದಲ್ಲೂ ಜಾಗ ಇರಲಿಲ್ಲವಂತೆ. ಮೊದಲ ಸಲ ಬಂದಾಗ ಜಗಲಿಯ ತುದಿಯಲ್ಲಿ ಕೂತರು. ಎಷ್ಟು ಕರೆದರೂ ಒಳಗೆ ಬರಲಿಲ್ಲ. ಮಗಳನ್ನು ಮುಂದೆ ಕೂರಿಸಿಕೊಂಡು, ನಾನು ಬೆಳಿಗ್ಗೆ ಹಾಕಿದ್ದ ಜಡೆ ಬಿಚ್ಚಿದರು. ಮತ್ತೆ ಬಾಚಿದರು, ಮತ್ತೆ ಹೆಣೆದರು. ಕೈ ನಡುಗುತ್ತಿತ್ತು, ಮಾತ್ರೆಯ ಕಾರಣಕ್ಕೋ ಏನೋ. ನನ್ನದಕ್ಕಿಂತ ಸೊಟ್ಟ ಜಡೆ. ಹುಡುಗಿ ಮೂರು ದಿನ ಅದನ್ನು ಬಿಚ್ಚೋಕೆ ಕೊಡಲಿಲ್ಲ. ನಾನು ಅವತ್ತು ಅಡುಗೆಮನೆಯಲ್ಲಿ ಬೇಕಿಲ್ಲದ ಪಾತ್ರೆ ತೊಳೆಯುತ್ತಾ ನಿಂತಿದ್ದೆ. ಆ ತಾಯಿ ಹುಷಾರಾಗಲಿ ಅಂತ ದೇವರಿಗೆ ದಿನಾ ಕೈ ಮುಗಿಯುತ್ತಿದ್ದೆ. ನಿಧಾನವಾಗಿ ಹುಷಾರಾಗಲಿ ಅಂತ. ಇದನ್ನು ಯಾರೊಂದಿಗೂ ಹೇಳಿಕೊಳ್ಳಲು ಆಗಲಿಲ್ಲ. ನಮ್ಮ ಹಾಗೆ ಮಗು ಇಟ್ಟುಕೊಂಡ ಇನ್ನೊಂದು ಮನೆ ಸುತ್ತಮುತ್ತ ಎಲ್ಲೂ ಇರಲಿಲ್ಲ.

ಅವರು ಹುಷಾರಾದರು. ಅಣ್ಣನ ಮನೆಯ ಪಕ್ಕ ಒಂದು ಕೋಣೆ ಕಟ್ಟಿಕೊಂಡರು. ಸಮಿತಿಯ ಆದೇಶ ಬಂತು. ಗುರುವಾರ ಫೋನ್ ಬಂತು, ಸೋಮವಾರ ಕರೆದುಕೊಂಡು ಬನ್ನಿ ಅಂತ. ಶಾಲೆಯ ಪರೀಕ್ಷೆ ಮಧ್ಯದಲ್ಲಿತ್ತು. ಮದುವೆಯಾದ ಮಗಳನ್ನು ಕಳಿಸುವಾಗಲೂ ಮಡಿಲು ತುಂಬಲು ಒಂದು ದಿನ ಸಿಗುತ್ತದೆ. ಮೊದಲು ಒಂದು ಭಾನುವಾರ ಅಲ್ಲಿ ಇದ್ದು ಬರಲಿ, ಆಮೇಲೆ ದಸರಾ ರಜೆಗೆ ಹೋಗಲಿ, ಆಮೇಲೆ ಪೂರ್ತಿ ಹೋಗಲಿ ಅನ್ನುವ ಹಾಗೆ ಮೆಟ್ಟಿಲು ಇಟ್ಟಿದ್ದರೆ ಯಾರಿಗೆ ಏನು ನಷ್ಟವಾಗುತ್ತಿತ್ತು? ಬರುವಾಗಲೂ ಮೆಟ್ಟಿಲಿರಲಿಲ್ಲ, ಹೋಗುವಾಗಲೂ ಇರಲಿಲ್ಲ. ಜೀಪು ಹತ್ತುವಾಗ ಅವಳು ಅಳಲಿಲ್ಲ. "ಭರಣಿ ತೊಳೆದಿಟ್ಟಿದೀನಿ ದೊಡ್ಡಮ್ಮ, ಬಿಸಿಲಿಗೆ ಇಡಿ" ಅಂದಳು.

ತಮ್ಮನೂ ಅದೇ ವಾರ ಅಮ್ಮನ ಹತ್ತಿರ ಹೋದ. ಅಕ್ಕನನ್ನು ಅವನು ಮೊದಮೊದಲು ಬಹುವಚನದಲ್ಲಿ ಮಾತಾಡಿಸುತ್ತಿದ್ದನಂತೆ, ಹೊರಗಿನವರನ್ನು ಮಾತಾಡಿಸಿದ ಹಾಗೆ.

ಹದಿನೆಂಟು ದಾಟಿದ ಮಕ್ಕಳ ವಿಷಯ ಇವತ್ತು ಬೇಡ, ಅದಕ್ಕೇ ಒಂದು ಇಡೀ ದಿನ ಬೇಕು. ಮಾತು ನಿಲ್ಲಿಸುತ್ತೇನೆ. ಏನಾದರೂ ಕೇಳುವುದಿದ್ದರೆ ಕೇಳಿ.

(ಇಬ್ಬರು ಮೂವರು ಕೇಳಿದರು. ಅರ್ಜಿ ಎಲ್ಲಿ ಕೊಡಬೇಕು ಅಂತ ಒಬ್ಬರು. ಜಿಲ್ಲಾ ಮಕ್ಕಳ ರಕ್ಷಣಾ ಘಟಕ ಅಂದೆ. ರಸ್ತೆಯಲ್ಲಿ ಒಂಟಿ ಮಗು ಸಿಕ್ಕರೆ ನಾವೇ ಇಟ್ಟುಕೊಳ್ಳಬಹುದಾ ಅಂತ ಇನ್ನೊಬ್ಬರು. ಬೇಡ, 1098ಕ್ಕೆ ಫೋನ್ ಮಾಡಿ, 24 ಗಂಟೆಯೊಳಗೆ ಮಗು ಸಮಿತಿಯ ಮುಂದೆ ಹೋಗಬೇಕು ಅಂದೆ. ಎಲ್ಲರೂ ಎದ್ದ ಮೇಲೆ ಹಿಂದಿನ ಸಾಲಿನ ಒಬ್ಬ ಅಜ್ಜಿ ಹತ್ತಿರ ಬಂದರು. ಮಗಳು ಅಳಿಯ ಇಬ್ಬರೂ ಇಲ್ಲ, ಎಂಟು ವರ್ಷದ ಮೊಮ್ಮಗ ಜೊತೆಗಿದ್ದಾನೆ. ಸ್ವಂತ ಅಜ್ಜಿಯಾದ್ದರಿಂದ ಇದು ಪೋಷಕತ್ವಕ್ಕೆ ಬರುವುದಿಲ್ಲ, ಪ್ರಾಯೋಜಕತ್ವಕ್ಕೆ ಬರುತ್ತದೆ ಅಂತ ಹೇಳಿದೆ. ಹಳ್ಳಿಯಲ್ಲಿ ವರ್ಷದ ಆದಾಯ 72,000 ದಾಟಿರಬಾರದು, ತಿಂಗಳಿಗೆ ಅದೇ 4,000. ಅಜ್ಜಿ ಅದನ್ನೆಲ್ಲ ಕೇಳಿಸಿಕೊಂಡ ಹಾಗೆ ಕಾಣಲಿಲ್ಲ.

"ಅರ್ಜಿ ಕೊಟ್ರೆ ಹುಡುಗನ್ನ ಕರ್ಕೊಂಡ್ ಹೋಗಲ್ಲ ತಾನೆ?"

"ಇಲ್ಲ ಅಮ್ಮ, ನಿಮ್ಮ ಹತ್ರಾನೇ ಇರಲಿ ಅಂತಾನೇ ಆ ದುಡ್ಡು."

"ಬರೆದು ಕೊಡ್ತೀರಾ?"

ಆಮಂತ್ರಣ ಪತ್ರಿಕೆಯ ಹಿಂದೆ ಬೇಕಾದ ಕಾಗದಗಳನ್ನು ಒಂದೊಂದಾಗಿ ಬರೆದೆವು. ಮರಣ ಪತ್ರ ಇದೆ. ಆಧಾರ್ ಇದೆ. ಶಾಲೆಯಿಂದ ಒಂದು ಚೀಟಿ ತರಬಹುದು. ರೇಷನ್ ಕಾರ್ಡಿನಲ್ಲಿ ಹುಡುಗನ ಹೆಸರಿಲ್ಲ. ಮಂಗಳವಾರ ಬೆಳಿಗ್ಗೆ ಎಂಟೂವರೆ ಬಸ್ಸಿಗೆ ಇಬ್ಬರೂ ಹೋಗುವುದು ಅಂತ ಆಯಿತು, ಮೊದಲು ಅದಕ್ಕೆ.)